ನೀರಿಗೆ ಬಿಡದೆ ಈಜು ಕಲಿಸಿ

ಹೊಸದಾಗಿ ಈಜುಕೊಳ ಕಾಯುವ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ಮೊನ್ನೆ ನಮ್ಮ ಮನೆ ಹುಡುಕಿಕೊಂಡು ಬಂದಿದ್ದಳು. ಕಾಫಿ ಕುಡಿದು, ಕೊರಳಿನ ಹೊಸ ಸೀಟಿಯನ್ನು ಸವರಿಕೊಳ್ಳುತ್ತ, "ಆಂಟಿ, ಮಕ್ಕಳ ಈಜುಕೊಳದಲ್ಲಿ ಮುಖ್ಯವಾಗಿ ಯಾರ ಮೇಲೆ ಕಣ್ಣಿಡಬೇಕು? ಚಿಕ್ಕವರ ಮೇಲೋ, ತುಂಟರ ಮೇಲೋ?" ಎಂದು ಕೇಳಿದಳು. "ಅಮ್ಮಂದಿರ ಮೇಲೆ" ಎಂದೆ. ಅವಳು ನಕ್ಕಳು. ನಗಲಿ ಪಾಪ, ಒಂದು ಬೇಸಿಗೆ ಕಳೆದರೆ ತಾನೇ ಗೊತ್ತಾಗುತ್ತದೆ. ಅವಳು ಹೋದ ಮೇಲೆ ನನಗೆ ಮಲವಗೊಪ್ಪದ ರತ್ನಮ್ಮ ನೆನಪಾದಳು, ಅವಳ ಬಾವಿ ಹಗ್ಗವೂ ನೆನಪಾಯಿತು. ಆ ಹುಡುಗಿಗೆ ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಭದ್ರಾವತಿಯವಳು. ಅಪ್ಪ ಕಾರ್ಖಾನೆಯಲ್ಲಿದ್ದರು, ನಾವು ಕ್ವಾರ್ಟರ್ಸಿನಲ್ಲಿದ್ದೆವು. ನಾನು ಈಜು ಕಲಿತದ್ದು ನಾಲೆಯಲ್ಲಿ, ಬೆನ್ನಿಗೆ ಎರಡು ಖಾಲಿ ಎಣ್ಣೆ ಡಬ್ಬ ಕಟ್ಟಿಕೊಂಡು. ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಪಕ್ಕದ ಮನೆಯ ಅಜ್ಜಿ, "ಹೆಣ್ಣು ಹುಡುಗಿ ಈಜು ಕಲಿತು ಏನು ಕಡಿದು ಕಟ್ಟೆ ಹಾಕ್ತಾಳೆ" ಎಂದು ದಿನಾ ಕೇಳುತ್ತಿದ್ದಳು. ಸಂಬಳ ತಗೊಂಡೆ ಅಜ್ಜಿ, ಪೆನ್ಶನ್ನೂ ಬರುತ್ತಿದೆ. ಮೊದಲು ಭದ್ರಾವತಿಯ ಕಾಲೊನಿಯೊಂದರ ಪುಟ್ಟ ಕೊಳದಲ್ಲಿ ಮಕ್ಕಳನ್ನು ನೋಡಿಕೊಂಡೆ. ತೊಂಬತ್ತರ ದಶಕದ ಆರಂಭದಲ್ಲಿ ಶಿವಮೊಗ್ಗದ ಸಾರ್ವಜನಿಕ ಈಜುಕೊಳಕ್ಕೆ ಬಂದವಳು ಆಮೇಲೆ ಅಲ್ಲೇ ಬೇರು ಬಿಟ್ಟೆ.

ಮೊದಲ ದಿನ ಒಂದು ಸೀಟಿ, ಒಂದು ಪ್ಲಾಸ್ಟಿಕ್ ಕುರ್ಚಿ ಕೊಟ್ಟರು. ಸೀಟಿಯೊಳಗೆ ಕಾಳೇ ಇರಲಿಲ್ಲ. ಎಷ್ಟು ಊದಿದರೂ ಉಸ್ ಎನ್ನುತ್ತಿತ್ತು. ಬೇರೆ ಕೊಡಿ ಎಂದು ಕೇಳಿದ್ದಕ್ಕೆ, "ಇಂಡೆಂಟ್ ಹಾಕಿದೀವಿ ಮೇಡಂ, ಬರ್ತದೆ" ಎಂದರು. ನಾನು ನಿವೃತ್ತಳಾಗುವವರೆಗೂ ಅದು ಬರುತ್ತಲೇ ಇತ್ತು. ಸೀಟಿ ಕೊರಳಲ್ಲಿ ಶೋಭೆಗೆ ಇತ್ತು, ಕೆಲಸವನ್ನೆಲ್ಲ ಗಂಟಲು ಮಾಡಿತು. ನನ್ನ ಗಂಟಲಿಗೆ ಹೆದರಿ ಹೊರಗೆ ರಸ್ತೆಯಲ್ಲಿ ಸೈಕಲ್ ಹೊಡೆಯುವವರು ಕಾಲು ಕೊಟ್ಟು ನಿಂತದ್ದೂ ಉಂಟು.

ಕೆಲಸದ ಕಷ್ಟ ಏನೆಂದು ಗೊತ್ತಾಗಬೇಕಾದರೆ ಆಯನೂರಿನ ಒಂದು ಮಗುವಿನ ಕಥೆ ಕೇಳಬೇಕು. ನೀರಿನಲ್ಲಿ ಮಗು ತಡಬಡಿಸಿದರೆ ಮೊದಲು ಕೂದಲು ಹಿಡಿ, ಅದು ಸಿಗದಿದ್ದರೆ ತೋಳು ಹಿಡಿ ಎಂದು ನಮಗೆ ಹೇಳಿಕೊಟ್ಟಿದ್ದರು. ಈ ಹುಡುಗನಿಗೆ ಹಿಂದಿನ ವಾರವಷ್ಟೇ ಹರಕೆಯ ಮುಡಿ ಕೊಟ್ಟು ತಲೆ ನುಣ್ಣಗಾಗಿತ್ತು. ಸಾಲದ್ದಕ್ಕೆ ಅವನ ಅಜ್ಜಿ, ತಣ್ಣೀರಿಗೆ ಶೀತ ಆಗುತ್ತದೆಂದು ನೆತ್ತಿಯಿಂದ ಪಾದದವರೆಗೆ ಹರಳೆಣ್ಣೆ ತಿಕ್ಕಿ ಕಳಿಸಿದ್ದಳು. ಅವನು ನೀರಿಗೆ ಬಿದ್ದ ಮೇಲೆ ತಲೆ ಹಿಡಿದರೆ ತಲೆ ಜಾರಿತು, ತೋಳು ಹಿಡಿದರೆ ತೋಳು ಜಾರಿತು, ಕಾಲು ಹಿಡಿದರೆ ಕಾಲೂ ಜಾರಿ ಅವನು ಇನ್ನಷ್ಟು ಮುಂದಕ್ಕೆ ಹೋದ. ನಾನು ಹಿಡಿದಷ್ಟೂ ಅವನು ಆಳದ ಕಡೆ ಸಾಗುತ್ತಿದ್ದ. ಕೊನೆಗೆ ಕೈಗೆ ಸಿಕ್ಕಿದ್ದು ಸೊಂಟದ ಉಡಿದಾರ. ಅದನ್ನು ಹಿಡಿದು ಬಿಂದಿಗೆ ಎತ್ತುವ ಹಾಗೆ ಎತ್ತಿದೆ. ಮೇಲೆ ಬಂದವನು ಅಳಲೂ ಇಲ್ಲ, "ಇನ್ನೊಂದ್ಸಲ" ಎಂದ. ಅಂದಿನಿಂದ ಉಡಿದಾರ ಇಲ್ಲದ ಮಗುವನ್ನು ನಾನು ನೀರಿಗೆ ಇಳಿಸಲಿಲ್ಲ. ಯಾವ ಸುತ್ತೋಲೆಯಲ್ಲೂ ಇಲ್ಲದ ನಿಯಮ ಅದು, ಆದರೆ ಹೆಣ್ಣುಮಕ್ಕಳಿಗೂ ನಾನೇ ಕರಿದಾರ ಕಟ್ಟುತ್ತಿದ್ದೆ.

ನೀರಿನಲ್ಲಿ ಮಕ್ಕಳು ಮಾಡಬಾರದ್ದನ್ನು ಮಾಡುವುದು ಎಲ್ಲರಿಗೂ ಗೊತ್ತಿರುವ ವಿಷಯ, ಬಾಯಿಬಿಟ್ಟು ಹೇಳುವುದು ಬೇಡ. ನಮ್ಮ ಪಂಪ್ ನೋಡಿಕೊಳ್ಳುತ್ತಿದ್ದ ಸೆಲ್ವಂ ಇದಕ್ಕೆ ಔಷಧ ಕಂಡುಹಿಡಿದ. ಅವನೂ ಭದ್ರಾವತಿಯವನೇ, ಮನೆಯಲ್ಲಿ ತಮಿಳು, ಹೊರಗೆ ಕನ್ನಡ, ಸಿಟ್ಟು ಬಂದರೆ ಎರಡೂ. "ಹೊಸ ಮದ್ದು ಬಂದಿದೆ, ಯಾರು ಒಳಗೆ ಮಾಡ್ತಾರೋ ಅವರ ಸುತ್ತ ನೀರು ನೀಲಿ ಆಗ್ತದೆ" ಎಂದು ಮಕ್ಕಳನ್ನು ಹೆದರಿಸಿದ. ಎರಡು ದಿನ ಎಲ್ಲರೂ ಹೆದರಿದರು. ಮೂರನೆಯ ದಿನ ಒಬ್ಬ ಪರೀಕ್ಷೆ ಮಾಡಿ ನೋಡಿ, ಏನೂ ಆಗಲ್ಲ ಎಂದು ಊರಿಗೆಲ್ಲ ಸಾರಿದ. ಸೆಲ್ವಂಗೆ ಮರ್ಯಾದೆಯ ಪ್ರಶ್ನೆ. ಬಟ್ಟೆಗೆ ಹಾಕುವ ನೀಲಿಯನ್ನು ತಂದು, ಮಕ್ಕಳು ಇಳಿದ ಮೇಲೆ ಪೈಪಿನಿಂದ ಸದ್ದಿಲ್ಲದೆ ಬಿಟ್ಟ. ಇಡೀ ಕೊಳ ನೀಲಿಯಾಯಿತು. ಎಲ್ಲ ಮಕ್ಕಳೂ ಒಟ್ಟಿಗೆ "ನಾನಲ್ಲ, ನಾನಲ್ಲ" ಎಂದು ಅಳತೊಡಗಿದರು. ಒಬ್ಬ ಹುಡುಗ ಮಾತ್ರ "ನಾನು ಸ್ವಲ್ಪನೇ ಮಾಡಿದ್ದು, ಇಷ್ಟೊಂದಲ್ಲ" ಎಂದು ನನ್ನ ಕಾಲು ಹಿಡಿದುಕೊಂಡ. ಸಂಜೆ ಊರಿನ ಅರ್ಧದಷ್ಟು ಬಡಾವಣೆಗಳಿಗೆ ಬಾಲಕೃಷ್ಣರು ಮರಳಿದರು, ಮರುದಿನ ಬೆಳಿಗ್ಗೆ ಯಶೋದೆಯರೆಲ್ಲ ನಮ್ಮ ಗೇಟಿಗೆ ಬಂದರು.

ಆ ಗಲಾಟೆಯ ನಂತರ ನಮಗೊಬ್ಬ ಹೊಸ ಮೇಲಧಿಕಾರಿಯನ್ನು ಹಾಕಿದರು. ರುದ್ರಪ್ಪನವರು ಎಂದು. ಬಿಳಿ ಸಫಾರಿ, ಹಣೆಯಲ್ಲಿ ವಿಭೂತಿ, ಮಾತು ಬಹಳ ಮೃದು. ಅದುವರೆಗೆ ಉದ್ಯಾನವನಗಳನ್ನು ನೋಡಿಕೊಂಡಿದ್ದವರು. ಗಿಡಕ್ಕೆ ಎಷ್ಟು ನೀರು ಬೇಕೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು, ಮನುಷ್ಯ ನೀರಿನೊಳಗೆ ಇಳಿಯುವುದನ್ನು ಮಾತ್ರ ಅವರ ಮನಸ್ಸು ಒಪ್ಪಿರಲಿಲ್ಲ. ಬಂದ ವಾರವೇ ಕೊಳದ ಅಂಚಿನುದ್ದಕ್ಕೂ ಕ್ರೋಟನ್ ಕುಂಡಗಳನ್ನು ಇಡಿಸಿದರು. ಎಲೆ ಉದುರಿ ಪಂಪಿಗೆ ಸಿಕ್ಕಿಕೊಂಡಾಗಲೆಲ್ಲ ಸೆಲ್ವಂ ತಮಿಳಿನಲ್ಲಿ ಏನೋ ಹೇಳುತ್ತಿದ್ದ.

ರುದ್ರಪ್ಪನವರ ದೊಡ್ಡ ಸುಧಾರಣೆಯೆಂದರೆ ಒಣ ಈಜು. "ನೋಡಿ ಗಿರಿಜಾ, ಭತ್ತವನ್ನ ಯಾರಾದ್ರೂ ಸೀದಾ ಗದ್ದೆಗೆ ನೆಡ್ತಾರಾ? ಮೊದಲು ಮಡಿಯಲ್ಲಿ ಸಸಿ ಮಾಡ್ಬೇಕು. ಮಕ್ಕಳೂ ಹಾಗೇ" ಎಂದರು. ಅದರಂತೆ ಬೇಸಿಗೆ ಶಿಬಿರದ ಮಕ್ಕಳು ಮೊದಲ ಕೆಲವು ವಾರ ಬೆಂಚಿನ ಮೇಲೆ ಬೋರಲು ಮಲಗಿ, ಒಂದು, ಎರಡು ಎಂದು ಎಣಿಸುತ್ತ ಕೈಕಾಲು ಬಡಿಯಬೇಕಿತ್ತು. ಹೇಗೆಂದು ತೋರಿಸಲು ಅವರೇ ಆಫೀಸಿನ ಮೇಜಿನ ಮೇಲೆ ಮಲಗಿದರು. ಸುಳ್ಳು ಯಾಕೆ ಹೇಳಲಿ, ಅಷ್ಟು ಚಂದದ ಕೈ ಬೀಸನ್ನು ನಾನು ನೀರಿನಲ್ಲೂ ನೋಡಿರಲಿಲ್ಲ. "ಸಾರ್, ನೀವು ಎಲ್ಲಿ ಕಲಿತ್ರಿ?" ಎಂದು ಕೇಳಿದೆ. "ಇಲ್ಲೇ, ಮೇಜಿನ ಮೇಲೆ" ಎಂದರು.

ರತ್ನಮ್ಮ ಬಂದದ್ದು ಆ ಬೇಸಿಗೆಯಲ್ಲಿ. ಮಲವಗೊಪ್ಪದಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಗಂಡ ಮಾಚೇನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಫಿಟ್ಟರ್. ಜೊತೆಗೆ ಎಂಟರ ವಯಸ್ಸಿನ ಮಗಳು ಆಶಾ, ಎರಡು ಜಡೆ, ಒಂದು ಕಡೆ ನಿಲ್ಲದ ಕಣ್ಣು. ರತ್ನಮ್ಮ ನನ್ನನ್ನು ಪಕ್ಕಕ್ಕೆ ಕರೆದು, "ಮೇಡಂ, ಇವಳಿಗೆ ಈಜು ಕಲಿಸ್ಬೇಕು. ಆದ್ರೆ ನೀರಿಗೆ ಮಾತ್ರ ಬಿಡಬೇಡಿ" ಎಂದಳು.

"ಅಲ್ಲ ಮಾರಾಯ್ತಿ, ಒಲೆ ಹಚ್ಚದೆ ಅನ್ನ ಮಾಡು ಅಂದ ಹಾಗಾಯ್ತಲ್ಲ" ಎಂದು ನಾನು ನಗಾಡಿದೆ.

ಅವಳು ನಗಲಿಲ್ಲ. "ಇವಳಿಗೊಬ್ಬ ಅಣ್ಣ ಇದ್ದ. ಭದ್ರಾವತಿಯಲ್ಲಿ ನಮ್ಮಮ್ಮನ ಮನೆಗೆ ರಜಕ್ಕೆ ಹೋದವನು ನಾಲೆಗೆ ಇಳಿದ. ಈಜು ಬಂದಿದ್ರೆ ಉಳೀತಿದ್ದ ಅಂತಾರೆ. ಅದಕ್ಕೇ ಇವಳು ಕಲೀಬೇಕು. ಆದ್ರೆ ಇವಳು ನೀರಿನ ಹತ್ರ ಹೋದ್ರೆ ನನಗೆ ಉಸಿರೇ ಬರಲ್ಲ ಮೇಡಂ" ಎಂದಳು.

ನನಗೆ ಕಪಾಳಕ್ಕೆ ಹೊಡೆದಂತಾಯಿತು. ಅದೇ ನಾಲೆಯಲ್ಲಿ ನಾನು ಡಬ್ಬ ಕಟ್ಟಿಕೊಂಡು ಕುಣಿದವಳು. ಅವತ್ತೇ ಮನಸ್ಸಿನಲ್ಲಿ ಅಂದುಕೊಂಡೆ, ಆಕಾಶ ಕೆಳಗೆ ಬೀಳಲಿ, ಈ ಬೇಸಿಗೆ ಮುಗಿಯುವುದರೊಳಗೆ ಈ ಹುಡುಗಿ ಒಂದು ದಡದಿಂದ ಇನ್ನೊಂದು ದಡಕ್ಕೆ ಒಬ್ಬಳೇ ಹೋಗಬೇಕು. ಇದನ್ನು ರತ್ನಮ್ಮನಿಗೂ ಹೇಳಿದೆ. ಅವಳು ತಲೆಯಾಡಿಸಿದಳು, ಆದರೆ ಮಗಳ ಕೈ ಬಿಡಲಿಲ್ಲ.

ಒಣ ಈಜು ರತ್ನಮ್ಮನಿಗೆ ದೇವರು ಕೊಟ್ಟ ವರವಾಯಿತು. ಆಶಾ ಬೆಂಚಿನ ಮೇಲೆ ಎಲ್ಲರಿಗಿಂತ ಚೆನ್ನಾಗಿ ಈಜಿದಳು. ರುದ್ರಪ್ಪನವರು ಬೇರೆ ಮಕ್ಕಳನ್ನು ಕರೆದು, "ನೋಡಿ, ಇದು ಸಸಿ" ಎಂದು ತೋರಿಸುತ್ತಿದ್ದರು. ರತ್ನಮ್ಮ ಪಕ್ಕದಲ್ಲಿ ನಿಂತು ಮಗಳ ಒಣ ಮೈಯನ್ನು ಟವೆಲ್‌ನಿಂದ ಒರೆಸುತ್ತಿದ್ದಳು. "ಇಷ್ಟು ಸಾಕಲ್ವಾ ಮೇಡಂ?" ಎಂದು ನನ್ನನ್ನು ಕೇಳಿದಳು. ನೆಲದ ಮೇಲೆ ಯಾರೂ ಮುಳುಗುವುದಿಲ್ಲ ರತ್ನಮ್ಮ ಎಂದೆ.

ನೀರಿಗೆ ಇಳಿಯುವ ದಿನ ಬಂತು. ರತ್ನಮ್ಮ ಚೀಲದಿಂದ ಬಾವಿ ಹಗ್ಗ ತೆಗೆದಳು. ಮನೆಯ ಬಾವಿಗೆ ಪಂಪ್ ಕೂರಿಸಿದ ಮೇಲೆ ಕೆಲಸವಿಲ್ಲದೆ ಬಿದ್ದಿದ್ದ ತೆಂಗಿನ ನಾರಿನ ಹಗ್ಗ. ಚುಚ್ಚದ ಹಾಗೆ ಸೊಂಟಕ್ಕೆ ಕಟ್ಟಲು ತನ್ನ ಹಳೆ ಸೀರೆಯ ಪಟ್ಟಿ ಹೊಲಿದಿದ್ದಳು. ನಾರು ನೆನೆದರೆ ಗಂಟು ಬಿಚ್ಚಲು ಬರುವುದಿಲ್ಲ ಎಂದು ಗಂಡ ವರ್ಕ್‌ಶಾಪಿನಲ್ಲಿ ಒಂದು ಕಬ್ಬಿಣದ ಕೊಂಡಿ ಮಾಡಿಕೊಟ್ಟಿದ್ದ. ಕೊಂಡಿ ಮಗಳ ಸೊಂಟಕ್ಕೆ, ಹಗ್ಗದ ತುದಿ ತಾಯಿಯ ಕೈಗೆ. ಮಗಳು ನೀರಿನಲ್ಲಿ, ತಾಯಿ ದಡದಲ್ಲಿ. ಹಳ್ಳಿಗಳಲ್ಲಿ ಬಾವಿಯಲ್ಲಿ ಕಲಿಸುವಾಗ ಹೀಗೇ ಕಟ್ಟುತ್ತಾರೆ, ಆದರೆ ಅಲ್ಲಿ ಹಗ್ಗ ಹಿಡಿಯುವವರು ಸಡಿಲ ಬಿಡುತ್ತಾರೆ. ರತ್ನಮ್ಮ ಬಿಡುತ್ತಿರಲಿಲ್ಲ. ಆಶಾಳ ಕಾಲು ನೆಲದಿಂದ ಎದ್ದರೆ ಸಾಕು, ಎಳೆದುಬಿಡುತ್ತಿದ್ದಳು. ಹುಡುಗಿ ದಿನಾ ಹತ್ತಾರು ಬಾರಿ ಹಿಂದುಮುಂದಾಗಿ ದಡಕ್ಕೆ ಬಂದು ಬಡಿಯುತ್ತಿದ್ದಳು.

"ಮಿಸ್, ನಾನು ಈಜ್ತಿಲ್ಲ. ಅಮ್ಮ ಸೇದ್ತಿದಾರೆ" ಎಂದು ನನ್ನಲ್ಲಿ ದೂರಿದಳು.

ಹಗ್ಗ ಬೇಡ ಎಂದು ನಾನು ಹೇಳಬೇಕೆನ್ನುವಷ್ಟರಲ್ಲಿ ರುದ್ರಪ್ಪನವರು ಕೊಳಕ್ಕೆ ಬಿದ್ದರು. ಆದದ್ದಿಷ್ಟೇ. ಕುಂಡದಲ್ಲಿ ಒಣಗಿದ ಎಲೆ ಕೀಳಲು ಅವರು ಅಂಚಿನಲ್ಲಿ ಬಗ್ಗಿದ್ದರು. ರತ್ನಮ್ಮ ಮಗಳನ್ನು ನೋಡುತ್ತ ಹಿಂದೆ ಹಿಂದೆ ಬಂದಳು. ಹಗ್ಗ ಅವರ ಮಂಡಿಗೆ ಸಿಕ್ಕಿತು, ಸಾಹೇಬರು ಸಫಾರಿ ಸಮೇತ ಮಕ್ಕಳ ಕಡೆಯ ನೀರಿಗೆ ಹೋದರು. ಅಲ್ಲಿ ನೀರು ಅವರ ಸೊಂಟಕ್ಕೂ ಬರುತ್ತಿರಲಿಲ್ಲ. ಆದರೆ ಅವರು ನಿಲ್ಲುವ ಗೋಜಿಗೇ ಹೋಗದೆ, ಬೋರಲು ಮಲಗಿ, "ಒಂದು, ಎರಡು, ಒಂದು, ಎರಡು" ಎಂದು ಎಣಿಸುತ್ತ, ಮೇಜಿನ ಮೇಲೆ ತೋರಿಸಿದ್ದ ಹಾಗೆಯೇ ಕೈ ಬೀಸುತ್ತ ಮುಳುಗತೊಡಗಿದರು. ಮಕ್ಕಳು ಸುತ್ತ ನಿಂತು ಅವರ ಜೊತೆ ಎಣಿಸಿದರು. "ಸಾರ್, ಕಾಲು ಕೆಳಗಿಡಿ ಸಾರ್, ನೆಲ ಇದೆ" ಎಂದು ಆಶಾ ಹೇಳಿದ್ದು ಅವರಿಗೆ ಕೇಳಿಸಲೇ ಇಲ್ಲ. ನಾನು ಇಳಿಯುವಷ್ಟರಲ್ಲಿ ಅವರು ಕೈಗೆ ಸಿಕ್ಕ ಹಗ್ಗವನ್ನು ಬಿಗಿಯಾಗಿ ಹಿಡಿದಿದ್ದರು, ರತ್ನಮ್ಮ ಕಾಲು ಊರಿ ಸೇದಿದಳು. ಅಧಿಕಾರಿ ಒಂದು ಕಡೆ, ಮಗಳು ಒಂದು ಕಡೆ, ಇಬ್ಬರನ್ನೂ ಒಂದೇ ಉಸಿರಿಗೆ ದಡಕ್ಕೆ ತಂದಳು.

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ಅಂತಾರೆ, ಇವರಿಗೆ ಬಾವಿ ಹಗ್ಗವೇ ಸಿಕ್ಕಿತ್ತು. ಬಟ್ಟೆ ಹಿಂಡಿಕೊಳ್ಳುತ್ತಲೇ ಆದೇಶ ಹೊರಡಿಸಿದರು. ನಾಳೆಯಿಂದ ಪ್ರತಿ ಮಗುವಿಗೂ ಹಗ್ಗ ಕಡ್ಡಾಯ. "ಸಾರ್, ಅದೇ ಹಗ್ಗ ನಿಮ್ಮನ್ನ ಬೀಳಿಸಿದ್ದು" ಎಂದೆ. "ಉಳಿಸಿದ್ದೂ ಅದೇ ಅಲ್ವೇ ಗಿರಿಜಾ" ಎಂದರು.

ಮರುದಿನದ ಚಂದ ನೀವು ನೋಡಬೇಕಿತ್ತು. ಒಬ್ಬಳು ಬಟ್ಟೆ ಒಣಗಿಸುವ ನೈಲಾನ್ ಹಗ್ಗ ತಂದಿದ್ದಳು, ಒಬ್ಬಳು ದನದ ಕಣ್ಣಿ, ಇನ್ನೊಬ್ಬಳು ತೊಟ್ಟಿಲ ಹಗ್ಗ. ವಕೀಲರ ಹೆಂಡತಿ ಎರಡು ವೇಲ್ ಗಂಟು ಹಾಕಿಕೊಂಡು ಬಂದಿದ್ದರು. ಕೆಲವರು ಕೊಳದ ಸುತ್ತ ಪ್ರದಕ್ಷಿಣೆಯಾಗಿ ನಡೆದರು, ಕೆಲವರು ಅಪ್ರದಕ್ಷಿಣೆಯಾಗಿ. ಸ್ವಲ್ಪ ಹೊತ್ತಿನಲ್ಲೇ ಎಲ್ಲ ಹಗ್ಗ ಒಂದಕ್ಕೊಂದು ಹೆಣೆದುಕೊಂಡು, ಅಮ್ಮಂದಿರೆಲ್ಲ ಕ್ರೋಟನ್ ಕುಂಡಗಳ ನಡುವೆ ಒಂದೇ ಕಟ್ಟಾದರು. "ನಿಮ್ಮ ಹಗ್ಗ ತೆಗೀರಿ", "ಮೊದಲು ನಿಮ್ಮ ಕಾಲು ತೆಗೀರಿ" ಎಂದು ಜಗಳ ಶುರುವಾಯಿತು. ಮಕ್ಕಳು ಜಾಣರು, ಸೊಂಟದಿಂದ ಹಗ್ಗ ಜಾರಿಸಿಕೊಂಡು ಗೇಟಿನ ಹೊರಗೆ ಮಂಡಕ್ಕಿ ತಿನ್ನಲು ಹೋಗಿದ್ದರು. "ಅಕ್ಕಾ, ಹುಡುಗ್ರು ಎಲ್ಲ ಸೇಫ್. ದೊಡ್ಡೋರು ಮಾತ್ರ ಮಾಟ್ಟಿಕಿಟ್ಟಾಂಗ, ಸಿಕ್ಕಾಕೊಂಡ್ರು" ಎನ್ನುತ್ತ ಸೆಲ್ವಂ ಕತ್ತಿ ತಂದು ತಾಯಂದಿರನ್ನು ಬಿಡಿಸಿದ. ಸಾಹೇಬರು ಆದೇಶ ಹಿಂತೆಗೆದುಕೊಂಡರು. ಒಣ ಈಜೂ ಮೆಲ್ಲಗೆ ಮರೆತುಹೋಯಿತು. ಆದರೆ ತಮ್ಮ ಜೀವ ಉಳಿಸಿದ ಹಗ್ಗ ಎಂದು ರತ್ನಮ್ಮನಿಗೆ ಮಾತ್ರ ಶಾಶ್ವತ ಅನುಮತಿ ಕೊಟ್ಟರು. ಈಗ ಅದನ್ನು ಬಿಚ್ಚಿಸುವ ಅಧಿಕಾರ ನನಗೂ ಇರಲಿಲ್ಲ.

ಶಿಬಿರ ಮುಗಿಯುತ್ತ ಬಂತು. ಉಳಿದ ಮಕ್ಕಳು ಅಡ್ಡಕ್ಕೆ ದಾಟತೊಡಗಿದ್ದರು, ಆಶಾ ಇನ್ನೂ ದಡಕ್ಕೆ ಬಡಿಯುತ್ತಲೇ ಇದ್ದಳು. ನನಗೆ ನಿದ್ದೆ ಕೆಟ್ಟಿತ್ತು. ಈ ಹುಡುಗಿ ಹೀಗೇ ಮನೆಗೆ ಹೋಗಿ, ಮುಂದೊಂದು ದಿನ ಹಗ್ಗವಿಲ್ಲದ ನೀರಿಗೆ ಇಳಿದರೆ ಏನು ಗತಿ ಎಂದು ಹೆದರಿಕೆಯಾಗುತ್ತಿತ್ತು. ರತ್ನಮ್ಮನಿಗೆ ಬೈದೆ, ಬೇಡಿಕೊಂಡೆ. "ನಾಳೆ ಬಿಡ್ತೀನಿ ಮೇಡಂ" ಎನ್ನುವಳು, ನಾಳೆ ಬಂದರೆ ಇನ್ನೂ ಎರಡು ಸುತ್ತು ಹಗ್ಗ ಕೈಗೆ ಸುತ್ತಿಕೊಳ್ಳುವಳು.

ಒಂದು ಬೆಳಿಗ್ಗೆ ಆಶಾ ಕಬ್ಬಿಣದ ಏಣಿಯ ಹತ್ತಿರ ನೀರಿನಲ್ಲಿ ನಿಂತು ಏನೋ ಮಾಡುತ್ತಿದ್ದಳು. ಅಮ್ಮನ ಕಡೆ ಬೆನ್ನು. ನೋಡಿದರೆ, ಅಪ್ಪ ಮಾಡಿದ ಕೊಂಡಿಯನ್ನು ಸೊಂಟದಿಂದ ಬಿಚ್ಚಿ, ನೀರಿನೊಳಗಿನ ಏಣಿಯ ಮೆಟ್ಟಿಲಿಗೆ ಸಿಕ್ಕಿಸಿದಳು. ನನ್ನನ್ನು ನೋಡಿ ತುಟಿಗೆ ಬೆರಳಿಟ್ಟಳು. ನಾನು ಸೀಟಿ ಊದಬೇಕಿತ್ತು. ಊದಿದ್ದರೂ ಉಸ್ ಎನ್ನುತ್ತಿತ್ತು, ಬಿಡಿ. ಸದ್ದಿಲ್ಲದೆ ನೀರಿಗೆ ಇಳಿದು, ಅವಳ ಸೊಂಟದ ಕರಿದಾರ ನನ್ನ ಕೈಗೆ ಎಟುಕುವಷ್ಟು ಹತ್ತಿರ ನಡೆದೆ. ಹುಡುಗಿ ಇತರ ಮಕ್ಕಳ ಮರೆಯಲ್ಲಿ ಕೈ ಬೀಸಿದಳು, ಕಾಲು ಬಡಿದಳು, ಒಂದಷ್ಟು ನೀರು ಕುಡಿದಳು, ಮತ್ತೆ ಬೀಸಿದಳು. ತೇಲಿದಳು. ದಡದಲ್ಲಿ ರತ್ನಮ್ಮ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು ಏಣಿಯನ್ನು ಕಾಯುತ್ತ ನಿಂತಿದ್ದಳು.

ಅಂದಿನಿಂದ ದಿನಾ ಇದೇ ನಾಟಕ. ಮಗಳು ಏಣಿಗೆ ಕೊಂಡಿ ಹಾಕಿ ಈಜಲು ಹೋಗುವಳು, ತಾಯಿ ಅಲ್ಲಾಡದೆ ನಿಲ್ಲುವಳು. ಮುಗಿದ ಮೇಲೆ ಮಗಳು ಮತ್ತೆ ಕೊಂಡಿ ಸಿಕ್ಕಿಸಿಕೊಂಡು ಏಣಿ ಹತ್ತಿ ಬರುವಳು, ತಾಯಿ ಹಗ್ಗ ಸುತ್ತಿಕೊಳ್ಳುವಳು. ರುದ್ರಪ್ಪನವರು ಆ ಕಡೆ ಬಂದಾಗಲೆಲ್ಲ, "ನೋಡಿ, ಎಷ್ಟು ಶಿಸ್ತು" ಎಂದು ಮೆಚ್ಚಿಕೊಳ್ಳುತ್ತಿದ್ದರು. ರತ್ನಮ್ಮ ಯಾವತ್ತು ಈ ಕಡೆಯ ಏಣಿ ಬಿಟ್ಟು ಆ ಕಡೆ ನೋಡುತ್ತಾಳೋ ಎಂದು ನಾನು ಅವಳ ಮೇಲೂ ಒಂದು ಕಣ್ಣಿಟ್ಟಿದ್ದೆ. ನೋಡಿದರೆ ಚೀರುತ್ತಾಳೆ, ಹುಡುಗಿ ಬೆಚ್ಚಿ ನೀರು ಕುಡಿಯುತ್ತಾಳೆ, ಅಲ್ಲಿಗೆ ಎಲ್ಲ ಮುಗಿಯುತ್ತದೆ ಎಂದುಕೊಂಡಿದ್ದೆ.

ಶಿಬಿರ ಮುಗಿಯುವ ಹಿಂದಿನ ದಿನ ಆಶಾ ಪೂರ್ತಿ ದಾಟಿದಳು. ಆ ದಡ ಮುಟ್ಟಿದ ಖುಷಿಯಲ್ಲಿ ನಾಟಕ ಮರೆತು, ಕೈ ಎತ್ತಿ, "ಅಮ್ಮಾ, ಇಲ್ಲಿ" ಎಂದು ಕೂಗಿದಳು.

ನಾನು ನೀರಿನಿಂದ ಎದ್ದು ರತ್ನಮ್ಮನ ಹತ್ತಿರ ಓಡಿದೆ. ಅವಳು ಚೀರಲಿಲ್ಲ. ಹಗ್ಗ ಹಿಡಿದೇ ಮಗಳ ಕಡೆ ನೋಡುತ್ತಿದ್ದಳು, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. "ರತ್ನಮ್ಮ, ಗಾಬರಿಯಾಗಬೇಡಿ, ನಾನು ಪಕ್ಕದಲ್ಲೇ ಇದ್ದೆ. ಈ ಹಗ್ಗ..." ಎಂದು ಏನೇನೋ ತೊದಲಿದೆ.

"ಏಣಿ ಈಜಲ್ಲ ಅಂತ ನನಗೂ ಗೊತ್ತು ಮೇಡಂ" ಎಂದಳು.

"ಯಾವಾಗ ಗೊತ್ತಾಯ್ತು?"

"ಮೊದಲ ದಿನವೇ. ಎಷ್ಟು ವರ್ಷ ಬಾವಿ ಸೇದಿದ ಕೈ ಇದು. ಕೊಡ ತುಂಬಿದ್ದು, ಬರಿದಾಗಿದ್ದು ಹಗ್ಗದಲ್ಲೇ ಗೊತ್ತಾಗ್ತದೆ. ಮಗಳು ಹೋಗಿದ್ದು ಗೊತ್ತಾಗಲ್ವಾ?"

ನನಗೆ ಸಿಟ್ಟು ಬಂತೋ ಅಳು ಬಂತೋ ಹೇಳಲಾರೆ. "ಮತ್ತೆ ಇಷ್ಟು ದಿನ ಬಿಸಿಲಲ್ಲಿ ಏಣಿ ಹಿಡ್ಕೊಂಡು ಯಾಕೆ ನಿಂತಿದ್ರಿ ಮಾರಾಯ್ತಿ?" ಎಂದೆ.

"ಬಿಟ್ಟಿದ್ರೆ ಅವಳ ಹಿಂದೆ ನಾನೂ ಹಾರ್ತಿದ್ದೆ. ನನಗೆ ಈಜು ಬರಲ್ಲ. ನೀವು ಇಬ್ಬರನ್ನ ಎತ್ಬೇಕಾಗ್ತಿತ್ತು" ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಅವಳು ಏಣಿಗೆ ಕಟ್ಟಿದ್ದು ನನ್ನನ್ನ, ಮೇಡಂ."

ಆಶಾ ಆ ದಡದಿಂದ ಮತ್ತೆ ನೀರಿಗೆ ಇಳಿದು ಈ ಕಡೆ ಈಜಿ ಬಂದಳು. ರತ್ನಮ್ಮ ಬಗ್ಗಿ, ಏಣಿಯಿಂದ ಕೊಂಡಿಯನ್ನು ತಾನೇ ಬಿಚ್ಚಿದಳು. ಹಗ್ಗವನ್ನು ಸುತ್ತಿ ಚೀಲಕ್ಕೆ ಹಾಕಿಕೊಂಡಳು.

ಮರುದಿನ ಶಿಬಿರದ ಕೊನೆಯ ದಿನ. ರತ್ನಮ್ಮ ಬರಿಗೈಯಲ್ಲಿ ಬಂದಿದ್ದಳು. ಆಶಾ ಓಡಿ ಬಂದು ನೀರಿಗೆ ಹಾರಿದಳು. ರತ್ನಮ್ಮ ಬೆಂಚಿನ ಮೇಲೆ, ಉಳಿದ ತಾಯಂದಿರ ನಡುವೆ, ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತಳು. ಮಗಳು ನೀರಿನಿಂದ ಎದ್ದು ಬರುವವರೆಗೂ ಆ ಕೈಗಳನ್ನು ಅವಳು ಹೊರಗೆ ತೆಗೆಯಲಿಲ್ಲ.